ತಗಡಿನ ಮೇಲಿನ ಹೆಸರು

ನಮ್ಮ ಹಿತ್ತಲಲ್ಲಿ ರಾಣಿಗೆ ಗೊಬ್ಬರ ಹಾಕುವುದು, ಗಾಯಕಿಯ ತಲೆ ಕತ್ತರಿಸುವುದು, ವಿಮಾನ ಹಾರಿಸಿದವಳಿಗೆ ಹೇನು ಬಿದ್ದಿದೆ ಅಂತ ಸೋಪಿನ ನೀರು ಚಿಮುಕಿಸುವುದು ದಿನನಿತ್ಯದ ಕೆಲಸ. ಹೊಸಬರು ಕೇಳಿಸಿಕೊಂಡರೆ ಈ ಮನೆಯವರಿಗೆ ತಲೆ ನೆಟ್ಟಗಿಲ್ಲ ಅಂದುಕೊಳ್ಳುತ್ತಾರೆ. ಮದುವೆಯಾಗಿ ಬಂದ ಹೊಸತರಲ್ಲಿ ನಾನೂ ಹಾಗೇ ಅಂದುಕೊಂಡಿದ್ದೆ. ಈಗ ನಾನೇ ಅಂಗಡಿಯಲ್ಲಿ ಗಿರಾಕಿಗಳ ಮುಂದೆ, "ಚಿತ್ರಗಾರ್ತಿ ಮಳೆಗೆ ಕೊಳೆತುಹೋದಳು, ಈಜುಗಾತಿ ಇದ್ದಾಳೆ, ಕೊಡಲಾ?" ಅಂತ ಕೇಳುತ್ತೇನೆ. ನಾನು ಕೆಲಸ ಮಾಡುವ ಬೇಕರಿಯ ಗಲ್ಲಾದ ಪಕ್ಕ ಒಂದು ಬಕೆಟ್ಟಿನಲ್ಲಿ ಮಾವನ ಹೂವು ಇಟ್ಟುಕೊಂಡು ಮಾರುವುದು ನನ್ನ ಉಪಕಸುಬು. ಬನ್ನಿಗಿಂತ ಹೂವೇ ಬೇಗ ಖರ್ಚಾಗುತ್ತದೆ.

ಮಾವ ಆಟದ ಮೈದಾನದಲ್ಲಿ ಮಾಲಿಯಾಗಿದ್ದವರು. ಹುಲ್ಲು ಕತ್ತರಿಸುವುದು, ಓಟದ ದಾರಿಗೆ ಸುಣ್ಣದ ಗೆರೆ ಎಳೆಯುವುದು, ಜನ ಕೂರುವ ಮೆಟ್ಟಿಲುಸಾಲಿನ ಮುಂದೆ ಹೂವಿನ ಪಾತಿ ಮಾಡುವುದು ಅವರ ಕೆಲಸವಾಗಿತ್ತು. ನಿವೃತ್ತಿಯಾದ ಮೇಲೆ ಹಿತ್ತಲನ್ನೇ ಪಾತಿ ಮಾಡಿಕೊಂಡರು. ಒಂದೊಂದು ಗಿಡದ ಬುಡದಲ್ಲೂ ಎಣ್ಣೆ ಡಬ್ಬದಿಂದ ಕತ್ತರಿಸಿದ ತಗಡಿನ ಪಟ್ಟಿ. ಅದರ ಮೇಲೆ ಮೊಳೆಯಲ್ಲಿ ಗೀರಿದ ಒಬ್ಬ ಹೆಂಗಸಿನ ಹೆಸರು. ಕೆಂಪು ಗುಲಾಬಿ ಕೋಟೆ ಕಾದ ರಾಣಿ. ಹಳದಿ ಸೇವಂತಿ ಗಾಯಕಿ. ಗೋಡೆ ಹತ್ತುವ ಬಳ್ಳಿ ಗುಲಾಬಿ, ಹಿಮಬೆಟ್ಟ ಹತ್ತಿದವಳು. ಗ್ಲಾಡಿಯೋಲಸ್ ವಿಮಾನದವಳು. ನೀಲಿ ಹೈಡ್ರೇಂಜಿಯಾ ಕಡಲು ಈಜಿದವಳು. ಎಲ್ಲ ಪುಸ್ತಕದಲ್ಲಿ, ಪೇಪರಿನಲ್ಲಿ ಓದಿದ ಹೆಸರುಗಳು. ಒಂದೇ ಒಂದು ನಿಯಮ: ಬದುಕಿರುವವರ ಹೆಸರು ತಗಡಿಗೆ ಬರಬಾರದು.

ಬೇಲಿಯ ಪಕ್ಕದ ಬಿಳಿ ಡೇಲಿಯಾ ಮಾತ್ರ ಪುಸ್ತಕದವಳಲ್ಲ. ಅದು ಈ ಮನೆಯ ಮಗಳು, ನನ್ನ ಗಂಡನ ಅಕ್ಕ. ಮನೆಯಲ್ಲಿ ಎಲ್ಲರೂ ಅವಳನ್ನು ದೊಡ್ಡವಳು ಎನ್ನುತ್ತಾರೆ. ಶಾಲೆಯಲ್ಲಿ, ಊರಿನಲ್ಲಿ ಅವಳನ್ನು ಮೀರಿಸಿ ಓಡಿದವರು ಇರಲಿಲ್ಲವಂತೆ. ತರಬೇತಿ ಕೊಟ್ಟವರು ಮಾವನೇ. ಹತ್ತೊಂಬತ್ತನೆಯ ವಯಸ್ಸಿನಲ್ಲಿ, ದೊಡ್ಡ ಓಟದ ದಿನ, ಕೊನೆಯ ಸುತ್ತಿನಲ್ಲಿ ಕುಸಿದು ಬಿದ್ದಳು. ಏಳಲಿಲ್ಲ. ಮೈಯಲ್ಲಿ ಜ್ವರ ಇತ್ತಂತೆ, ಮುಚ್ಚಿಟ್ಟು ಓಡಿದಳಂತೆ, ಯಾರಿಗೂ ಗೊತ್ತೇ ಇರಲಿಲ್ಲವಂತೆ. ನಾನು ಕೇಳಿದ್ದು ಇಷ್ಟೇ, ಅದೂ ನನ್ನ ಗಂಡನ ಬಾಯಿಂದ. ಮಾವ ಮೊದಲು ಅವಳ ಹೆಸರಿನ ತಗಡನ್ನು ನೆಟ್ಟರು. ಒಂದೇ ತಗಡು ನಿಂತಿದ್ದು ನೋಡಲಾಗಲಿಲ್ಲ ಅಂತ ಆಮೇಲೆ ರಾಣಿ ಬಂದಳು, ಗಾಯಕಿ ಬಂದಳು. ಅವಳಿಗೆ ಜೊತೆಗೆ ಯಾರಾದರೂ ಇರಲಿ ಅಂತ.

ಅತ್ತೆ ಆ ಹಿತ್ತಲಿಗೆ ಕಾಲಿಡುತ್ತಿರಲಿಲ್ಲ. ಮಾವನ ಜೊತೆ ಮಾತೂ ಆಡುತ್ತಿರಲಿಲ್ಲ. ಜಗಳ ಅಂತಲೂ ಅಲ್ಲ. ಇಬ್ಬರೂ ಒಂದೇ ಮೇಜಿನ ಎದುರುಬದುರು ಕೂತು ಉಣ್ಣುತ್ತಿದ್ದರು, ಮಾತು ಮಾತ್ರ ನನ್ನ ಮೇಲಿಂದ ಹಾದು ಹೋಗಬೇಕು.

"ಅವರಿಗೆ ಅನ್ನ ಬೇಕಾ ಕೇಳು."

"ಮಾವ, ಅನ್ನ ಬೇಕಾ?"

"ಸಾಕು ಅಂತ ಹೇಳು."

"ಅತ್ತೆ, ಸಾಕಂತೆ."

ಮೊದಮೊದಲು ನಗು ಬರುತ್ತಿತ್ತು. ಆಮೇಲೆ ಕೋಪ ಬಂತು. ಕೊನೆಗೆ ಉಪ್ಪಿನ ಡಬ್ಬಿ ದಾಟಿಸುವಷ್ಟು ಸಹಜವಾಗಿ ಅಭ್ಯಾಸವಾಗಿಹೋಯಿತು.

ಈ ವರ್ಷ ಮಾವ ಬೀಜದಿಂದ ಬೆಳೆಸಿದ ಹೊಸ ಡೇಲಿಯಾ ಮೊದಲ ಸಲ ಅರಳಿತು. ಕಡುಗೆಂಪು, ಎಸಳಿನ ತುದಿಗೆ ಮಾತ್ರ ಯಾರೋ ಬೆರಳಲ್ಲಿ ಸುಣ್ಣ ಮುಟ್ಟಿಸಿದ ಹಾಗೆ ಬಿಳಿ. ಮಾವ ಅದನ್ನು ನೋಡಿ ಬಂದು ಎರಡು ಲೋಟ ನೀರು ಕುಡಿದರು. ರಾತ್ರಿಯ ಊಟದಲ್ಲಿ ಅದೇ ಮಾತು.

"ಅಜ್ಜ, ಇದಕ್ಕೆ ಯಾರು?" ಎಂದಳು ಬುಗುರಿ. ಬುಗುರಿ ನನ್ನ ಮಗಳು, ಒಂಬತ್ತನೇ ಕ್ಲಾಸು. ಕಾಲು ನೆಲದ ಮೇಲೆ ನಿಂತರೆ ಬೇನೆ ಅನ್ನುವ ಹಾಗೆ ಆಡುತ್ತಾಳೆ, ಅದಕ್ಕೆ ಆ ಹೆಸರು.

"ಯೋಚನೆ ಮಾಡ್ತಾ ಇದ್ದೀನಿ."

"ಆ ನರ್ತಕಿ? ಕಾಲು ಮುರಿದ ಮೇಲೂ ಕುಣಿದಳಲ್ಲ?"

"ಅವಳು ಇನ್ನೂ ಬದುಕಿದ್ದಾಳೆ ಕಣೇ," ಎಂದರು ನನ್ನ ಗಂಡ. ಅವರು ಬಸ್ ಡ್ರೈವರು. ರಸ್ತೆಯಲ್ಲಿ ದಿನವಿಡೀ ಕಿರುಚಿ ಬರುವುದರಿಂದ ಮನೆಯಲ್ಲಿ ಮಾತು ಕಡಿಮೆ.

"ಬದುಕಿದ್ರೆ ಏನಂತೆ? ಪಾಪ, ಅವರೂ ನೋಡಿ ಖುಷಿಪಡಲಿ. ಎಲ್ಲಾರೂ ಸತ್ತಮೇಲೇ ಯಾಕೆ?"

"ಬದುಕಿರೋರು ಇನ್ನೂ ಏನೇನೋ ಆಗ್ತಾರೆ ಮರಿ," ಎಂದರು ಮಾವ. "ತಗಡಿನ ಮೇಲೆ ಬರೆದ ಮೇಲೆ ಅಷ್ಟೇ."

ಅತ್ತೆ ಎದ್ದು ತಟ್ಟೆ ತೊಳೆಯಲು ಹೋದರು. ತಟ್ಟೆಯಲ್ಲಿ ಅರ್ಧ ಅನ್ನ ಹಾಗೇ ಇತ್ತು.

ಅದಾಗಿ ಒಂದು ವಾರಕ್ಕೆ ಹಾಲಿನವನು ಬಾಗಿಲಲ್ಲಿ ನಿಂತು ಬಾಂಬು ಹಾಕಿದ. ಪಾತ್ರೆ ಹಿಡಿದು ನಿಂತಿದ್ದವರು ಅತ್ತೆ.

"ಅಮ್ಮ, ನಿಮ್ಮ ಮೊಮ್ಮಗಳು ಬೆಳಿಗ್ಗೆ ಮೈದಾನದಲ್ಲಿ ಓಡ್ತಿದ್ಲು. ಒಂದು ಕ್ಷಣ ನನ್ನ ಮೈ ಜುಂ ಅಂತು. ಕೈ ಬೀಸೋದು, ಕತ್ತು ಎತ್ತೋದು, ಎಲ್ಲಾ ದೊಡ್ಡವಳೇ. ಸೈಕಲ್ ನಿಲ್ಲಿಸಿಬಿಟ್ಟೆ ನೋಡಿ."

ಪಾತ್ರೆಯ ಹಾಲು ಅರ್ಧ ಮೆಟ್ಟಿಲ ಮೇಲೆ ಚೆಲ್ಲಿತು. ನಾನು ಒರೆಸುವ ಬಟ್ಟೆ ತರುವಷ್ಟರಲ್ಲಿ ಅತ್ತೆ ಒಳಗೆ ಹೋಗಿ ಬುಗುರಿಯ ಜಡೆ ಹಿಡಿದಿದ್ದರು.

"ವಾಕಿಂಗ್ ಅಂತ ಸುಳ್ಳು ಹೇಳಿ ಹೋಗ್ತಿದ್ದೆಯಾ?"

"ಬಿಡಜ್ಜಿ, ನೋವಾಗ್ತಿದೆ! ಶಾಲೆಯಿಂದ ನನ್ನನ್ನ ಆರಿಸಿದ್ದಾರೆ. ಅಜ್ಜ ಹೇಳಿಕೊಡ್ತಿದ್ದಾರೆ."

"ಹೇಳಿಕೊಡ್ತಿದ್ದಾರಾ?" ಅತ್ತೆ ನನ್ನತ್ತ ತಿರುಗಿದರು. "ನಿನಗೂ ಗೊತ್ತಿತ್ತಾ?"

ನನಗೆ ಗೊತ್ತಿರಲಿಲ್ಲ. ನನ್ನ ಮಗಳ ವಿಷಯ ಹಾಲಿನವನಿಂದ ತಿಳಿಯಬೇಕಾಯಿತಲ್ಲ ಅಂತ ಮೈ ಉರಿದುಹೋಯಿತು. ಸಂಜೆ ಬಟ್ಟೆ ಮಡಿಸುತ್ತಾ ಅವಳನ್ನು ಎದುರಿಗೆ ಕೂರಿಸಿಕೊಂಡೆ.

"ನನ್ನ ಹತ್ರ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀನು ಬೇಡ ಅಂತಿದ್ದೆ."

"ಅನ್ನುತ್ತಿರಲಿಲ್ಲ."

"ಅಂತಿದ್ದೆ, ಸುಮ್ನಿರಮ್ಮ." ಸ್ವಲ್ಪ ಹೊತ್ತು ಕಾಲುಚೀಲಗಳ ಜೋಡಿ ಹುಡುಕಿದಳು. "ಅಮ್ಮ, ಒಂದು ಹೇಳ್ತೀನಿ, ಬಯ್ಯಬೇಡ. ಕೊನೇ ಸುತ್ತಿನಲ್ಲಿ ಅಜ್ಜ ಕೂಗ್ತಾರಲ್ಲ, ಆಗ ನನ್ನ ಹೆಸರು ಕೂಗಲ್ಲ. ದೊಡ್ಡತ್ತೆ ಹೆಸರು ಕೂಗ್ತಾರೆ. ಕೂಗಿದ್ದು ಅವರಿಗೇ ಗೊತ್ತಾಗಲ್ಲ. ನನ್ನ ಹಿಂದೇನೇ ಯಾರೋ ಓಡಿ ಬರ್ತಿರೋ ಹಾಗಿರತ್ತೆ. ಹೆಜ್ಜೆ ಸಪ್ಪಳ ಕೇಳತ್ತೆ."

"ನಿನ್ನದೇ ಹೆಜ್ಜೆ ಇರಬೇಕು."

"ಇರಬಹುದು," ಎಂದಳು. ನಂಬಿದ ಹಾಗೆ ಕಾಣಲಿಲ್ಲ. ನನಗೂ ಆ ರಾತ್ರಿ ಸರಿಯಾಗಿ ಊಟ ಸೇರಲಿಲ್ಲ.

ಎರಡು ದಿನ ಕಳೆದು, ಬೆಳಿಗ್ಗೆ ಅಂಗಡಿಗೆ ಹೂವು ಕತ್ತರಿಸಲು ಹಿತ್ತಲಿಗೆ ಹೋದೆ. ಸೇವಂತಿ ಆಯಿತು, ಗುಲಾಬಿ ಆಯಿತು. ಹೊಸ ಡೇಲಿಯಾದ ಹತ್ತಿರ ಬಂದರೆ ಬುಡದಲ್ಲಿ ಹೊಸ ತಗಡು ಹೊಳೆಯುತ್ತಿದೆ. ಅಂತೂ ಹೆಸರಿಟ್ಟರು ಅಂತ ಬಗ್ಗಿ ನೋಡಿದೆ. ನನ್ನ ಮಗಳ ಹೆಸರು. ಬುಗುರಿ ಅಂತಲ್ಲ, ಶಾಲೆಯ ಹಾಜರಿಯಲ್ಲಿ ಕೂಗುವ ಪೂರ್ತಿ ಹೆಸರು, ಅಪ್ಪನ ಹೆಸರಿನ ಸಮೇತ.

ಪಕ್ಕದಲ್ಲಿ ರಾಣಿ, ಅದರಾಚೆ ಗಾಯಕಿ, ಬೇಲಿಯ ಹತ್ತಿರ ದೊಡ್ಡವಳು, ಎಲ್ಲರೂ ಸಾಲಾಗಿ ನಿಂತು ನನ್ನ ಮಗಳಿಗೆ ಜಾಗ ಬಿಟ್ಟುಕೊಟ್ಟ ಹಾಗಿತ್ತು. ತಗಡನ್ನು ಕಿತ್ತೆ. ಬೆರಳು ಕೊಯ್ದುಕೊಂಡಿದ್ದೂ ತಿಳಿಯಲಿಲ್ಲ. ಅಡುಗೆಮನೆಯಲ್ಲಿ ಮಾವ ಹಾಲಿನಲ್ಲಿ ಬ್ರೆಡ್ ಅದ್ದಿಕೊಂಡು ತಿನ್ನುತ್ತಿದ್ದರು. ಅವರ ಲೋಟದ ಪಕ್ಕ ತಗಡನ್ನು ಕುಕ್ಕಿದೆ.

"ಏನಿದು ಮಾವ?"

ಅವರು ಕನ್ನಡಕ ಹಾಕಿಕೊಂಡು ಓದಿದರು. ಕೈಯಲ್ಲಿದ್ದ ಬ್ರೆಡ್ ಹಾಲಿಗೆ ಬಿತ್ತು.

"ನಾನು ಬರೆದಿಲ್ಲ."

"ಮತ್ಯಾರು? ತಗಡು ನಿಮ್ಮದು, ಮೊಳೆ ನಿಮ್ಮದು, ಗಿಡ ನಿಮ್ಮದು. ನನ್ನ ಮಗಳು ಒಳಗೆ ಹಲ್ಲುಜ್ಜುತ್ತಾ ಇದ್ದಾಳೆ. ಉಸಿರಾಡ್ತಾ ಇದ್ದಾಳೆ!"

"ನಾನು ಬರೀತೀನೇನಮ್ಮಾ, ಇವಳ ಹೆಸರು? ನಾನು ಬರೀತೀನಾ?"

ಕೂಗಾಟ ಕೇಳಿ ನನ್ನ ಗಂಡ ಶರ್ಟಿನ ಗುಂಡಿ ಹಾಕಿಕೊಳ್ಳುತ್ತಾ ಬಂದರು. "ಹೋಗ್ಲಿ ಬಿಡೇ. ಪ್ರೀತಿಗೆ ಬರೆದಿರ್ತಾರೆ."

"ಪ್ರೀತಿ ಉಕ್ಕಿದ್ರೆ ಕೇಕ್ ಮೇಲೆ ಬರೀಲಿ, ನಾನೇ ತಂದುಕೊಡ್ತೀನಿ. ಇದರ ಮೇಲೆ ಬೇಡ."

"ಬರೆದಿದ್ದು ನಾನು," ಎಂದರು ಅತ್ತೆ.

ಒಲೆಯ ಮುಂದೆ ನಮಗೆ ಬೆನ್ನು ಹಾಕಿ ನಿಂತಿದ್ದರು. ತಿರುಗಿದಾಗ ನೋಡಿದೆ, ಬಲಗೈ ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು. ನಾನು ಈ ಮನೆಗೆ ಬಂದ ಮೇಲೆ ಮೊದಲ ಸಲ, ನನ್ನನ್ನು ನೋಡದೆ, ನೆಟ್ಟಗೆ ಗಂಡನ ಮುಖ ನೋಡಿ ಮಾತಾಡಿದರು.

"ಓದಿದ್ರಾ? ಸರಿಯಾಗಿ ಓದಿ. ಒಬ್ಬಳ ಹೆಸರನ್ನ ಎಲ್ಲಾ ಮುಗಿದ ಮೇಲೆ ಬರೆದ್ರಿ. ಇದನ್ನ ಮೊದಲೇ ನೋಡ್ಕೊಳ್ಳಿ, ಹೇಗೆ ಕಾಣತ್ತೆ ಅಂತ. ಕಣ್ಣಿಗೆ ಅಭ್ಯಾಸ ಆಗ್ಲಿ."

ಮಾವ ಕನ್ನಡಕ ತೆಗೆದಿಟ್ಟರು. "ನಂಗೆ ಗೊತ್ತಿರಲಿಲ್ಲ ಕಣೇ. ಜ್ವರ ಅಂತ ಅವಳು ಹೇಳಲೇ ಇಲ್ಲ. ಎಷ್ಟು ಸಲ ಹೇಳಲಿ?"

"ನನಗೆ ಯಾವತ್ತು ಹೇಳಿದ್ರಿ? ಊರಿಗೆ ಹೇಳಿದ್ರಿ. ಬಂದವರಿಗೆ ಹೋದವರಿಗೆ ಹೇಳಿದ್ರಿ."

"ಅಮ್ಮ, ಸಾಕು," ಎಂದರು ನನ್ನ ಗಂಡ. "ಅಪ್ಪಂಗೆ ಗೊತ್ತಿದ್ರೆ ಓಡಿಸ್ತಿದ್ರಾ? ಯಾವ ತಂದೆ ಹಾಗೆ ಮಾಡ್ತಾನೆ?"

ಬುಗುರಿ ಬಾಗಿಲಲ್ಲಿ ನಿಂತಿದ್ದಳು, ಬಾಯಿ ತುಂಬ ನೊರೆ. ಮೇಜಿನ ಹತ್ತಿರ ಬಂದು ತಗಡು ಎತ್ತಿಕೊಂಡು ಓದಿದಳು.

"ನಾನು ಸತ್ತಿಲ್ಲ ಅಜ್ಜಿ," ಎಂದಳು. ತಿಂಡಿ ಮುಟ್ಟದೆ ಶಾಲೆಗೆ ಹೋದಳು.

ಆಮೇಲಿನ ದಿನಗಳು ಹೇಗಿದ್ದವು ಅಂತ ಹೇಳಿದರೆ ನನಗೇ ಬೇಜಾರಾಗುತ್ತದೆ. ಮಾವ ಹಿತ್ತಲಿಗೆ ಹೋಗುವುದನ್ನೇ ನಿಲ್ಲಿಸಿದರು. ರಾಣಿಯ ಮೊಗ್ಗು ಹುಳುವಿನ ಪಾಲಾಯಿತು. ಗಾಯಕಿ ಅರಳಿ, ಬಾಡಿ, ಗಿಡದಲ್ಲೇ ಒಣಗಿದಳು. ನೀರು ಹಾಕುವ ಕೆಲಸವೂ ನನ್ನ ತಲೆಗೇ ಬಂತು. ಬೆಳಗಿನ ಓಟ ನಿಂತಿತು. ಬುಗುರಿ ಶಾಲೆಯಿಂದ ಬಂದವಳು ಮುಸುಕೆಳೆದು ಮಲಗುತ್ತಿದ್ದಳು. ಮೊಟ್ಟೆ ಬೇಯಿಸಿ ಕೊಟ್ಟರೂ ಬೇಡ, ಸಿಹಿ ಬನ್ ತಂದರೂ ಬೇಡ. ಅತ್ತೆ ಅವಳನ್ನು ಏಳಿಸಲು ಹೋಗಿ ಎರಡು ಸಲ ಬಾಯಿ ತಪ್ಪಿ ಸತ್ತ ಮಗಳ ಹೆಸರು ಹಿಡಿದು ಕರೆದರು. ಎರಡು ಸಲವೂ ಬುಗುರಿ "ಹ್ಞೂಂ" ಅಂದಳು. ನನಗೆ ಭಯವಾಯಿತು, ಮುಚ್ಚುಮರೆ ಯಾಕೆ. ಹೆತ್ತವಳು ನಾನು, ಇವಳು ಯಾರಿಗೆ ಓಗೊಡುತ್ತಿದ್ದಾಳೆ ಅಂತ.

ಭಾನುವಾರ ಅವಳ ತಲೆ ಬಾಚುತ್ತಾ ಕೇಳಿದೆ. "ನಿಜ ಹೇಳು. ನಿಂಗೆ ಓಡಲೇಬೇಕಾ? ಅಜ್ಜನ ಆಸೆಗಾ?"

"ಅಜ್ಜನ ಆಸೆ ಕಟ್ಕೊಂಡು ನಂಗೇನಾಗಬೇಕು?"

"ಮತ್ತೆ?"

"ಈ ಮನೇಲಿ ಎಲ್ಲಿ ನೋಡಿದ್ರೂ ದೊಡ್ಡತ್ತೆ ಇದ್ದಾಳೆ. ನಾನು ಉಂಡರೆ ಅವಳ ಹಾಗೆ ಉಣ್ತೀನಂತೆ, ಕೆಮ್ಮಿದರೆ ಅವಳ ಹಾಗೆ ಕೆಮ್ತೀನಂತೆ. ಓಡೋವಾಗ ಮಾತ್ರ ಅಮ್ಮ, ಅವಳು ನನಗಿಂತ ಹಿಂದೆ ಇರೋದು."

ಬಾಚಣಿಗೆ ಅವಳ ಕೂದಲಲ್ಲೇ ಬಿಟ್ಟು ಎದ್ದೆ. ಊಟಕ್ಕೆ ಎಲ್ಲರೂ ಕೂತಾಗ ಹೇಳಿಯೇಬಿಟ್ಟೆ.

"ಬುಗುರಿ ಓಡ್ತಾಳೆ. ನನ್ನ ಮಗಳು, ನಾನು ಹೇಳ್ತಿದ್ದೀನಿ. ಇದರಲ್ಲಿ ಯಾರ ಮಾತೂ ಬೇಡ."

ನನ್ನ ಗಂಡ ನನ್ನನ್ನೇ ನೋಡಿದರು. ಅಷ್ಟು ದೊಡ್ಡ ದನಿಯಲ್ಲಿ ಆ ಮೇಜಿನಲ್ಲಿ ಯಾರೂ ಮಾತಾಡಿ ಗೊತ್ತಿರಲಿಲ್ಲ. "ಹೊಸ ಶೂ ಕೊಡಿಸ್ತೀನಿ," ಎಂದರು ಮೆಲ್ಲಗೆ.

"ನಾನು ಜೊತೆಗಿರ್ತೀನಿ," ಎಂದರು ಮಾವ. "ಬಿಟ್ಟು ಅಲ್ಲಾಡಲ್ಲ."

ಅತ್ತೆ ಅನ್ನ ಕಲೆಸುತ್ತಿದ್ದ ಕೈ ನಿಲ್ಲಿಸಲಿಲ್ಲ. "ನಿನ್ನ ಮಗಳು. ನೀನು ಹೆತ್ತಿದ್ದು, ನಿನ್ನಿಷ್ಟ," ಎಂದರು. "ನಾನೂ ಒಬ್ಬಳನ್ನ ಹೆತ್ತಿದ್ದೆ."

ಓಟದ ದಿನ ಬೆಳಿಗ್ಗೆ ಬುಗುರಿ ತಲೆಗೆ ನೀರು ಹಾಕಿಕೊಂಡು ಬಂದು ಒಂದು ಲೋಟ ಹಾಲು ಕುಡಿದಳು. ಮೂಗು ಸ್ವಲ್ಪ ಕೆಂಪಗಿತ್ತು. ತಣ್ಣೀರು ಹಾಕಿಕೊಂಡಿದ್ದಕ್ಕೆ ಅಂದುಕೊಂಡೆ. ಮಾವ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು, ನೀರಿನ ಬಾಟಲಿ ಹಿಡಿದು, ಬಾಗಿಲಲ್ಲಿ ಆಗಲೇ ಕಾಯುತ್ತಿದ್ದರು. ಇಬ್ಬರೂ ಹೋದರು. ಅತ್ತೆ ಕಿಟಕಿಯ ಹತ್ತಿರವೂ ಬರಲಿಲ್ಲ. ಒಂದು ಬುಟ್ಟಿ ಸೊಪ್ಪು ಮುಂದಿಟ್ಟುಕೊಂಡು ಬಿಡಿಸಲು ಕೂತರು. ಬಿಡಿಸಿದ್ದನ್ನೇ ಮತ್ತೆ ಬಿಡಿಸಿ, ಕೊನೆಗೆ ದಂಟನ್ನೂ ಚೂರುಚೂರು ಮಾಡಿದರು. ನನಗೆ ಬೇಕರಿಯಲ್ಲಿ ಮಧ್ಯಾಹ್ನದ ಪಾಳಿ. ನನ್ನ ಗಂಡನಿಗೆ ರಜೆ; ಪೇಪರ್ ಹಿಡಿದು ಒಂದೇ ಪುಟ ಓದುತ್ತಿದ್ದರು. ಯಾರೂ ಗಡಿಯಾರದ ಕಡೆ ನೋಡದ ಹಾಗೆ ನಟಿಸುತ್ತಿದ್ದೆವು.

ಗೇಟು ಕಿರ್ ಅಂದಿತು. ಓಟ ಶುರುವಾಗುವ ಹೊತ್ತಿಗೇ ಅವರು ವಾಪಸು ಬಂದಿದ್ದರು. ಅತ್ತೆಯ ಕೈಯಿಂದ ಸೊಪ್ಪು ಜಾರಿತು.

ಬುಗುರಿ ಒಳಗೆ ಬಂದವಳೇ ಚೀಲವನ್ನು ಗೋಡೆಗೆ ಎಸೆದಳು. ಎದೆಯ ಮೇಲೆ ಪಿನ್ನು ಹಾಕಿದ ನಂಬರು ಇನ್ನೂ ಹಾಗೇ ಇತ್ತು.

"ಕೇಳು ನಿನ್ನ ಮಾವನ್ನ! ಗೆರೆ ಮೇಲೆ ನಿಲ್ಲೋಕೆ ಕರೆದಿದ್ರು. ಎಲ್ಲರ ಮುಂದೆ ಕೈ ಹಿಡಿದು ಎಳ್ಕೊಂಡು ಬಂದ್ರು. ಹುಡುಗೀರೆಲ್ಲ ನಕ್ಕರು ಅಮ್ಮ!"

"ಅವಳಿಗೆ ಜ್ವರ," ಎಂದರು ಮಾವ. ಬಾಗಿಲ ಪಕ್ಕದ ಕುರ್ಚಿಯಲ್ಲಿ ಕುಸಿದ ಹಾಗೆ ಕೂತರು. ಇಸ್ತ್ರಿಯ ಶರ್ಟು ಬೆವರಿಗೆ ಅಂಟಿಕೊಂಡಿತ್ತು.

"ಜ್ವರ ಅಲ್ಲ, ಬರೀ ಶೀತ! ನಾನು ಗೆಲ್ತಿದ್ದೆ! ದೊಡ್ಡತ್ತೆ ಸತ್ತರೆ ಅದು ನನ್ನ ತಪ್ಪಾ? ಅವಳು ಓಡಿದ್ದಕ್ಕೆ ನಾನು ನಡೀಬೇಕಾ?"

ಅವಳ ಹಣೆ ಮುಟ್ಟಿದೆ. ಬೆಚ್ಚಗಿತ್ತು, ಅಷ್ಟೇ. ನನ್ನ ಮಗಳು ಕಾಲು ನೆಲಕ್ಕೆ ಅಪ್ಪಳಿಸಿ, ಮೂಗು ಸೋರಿಸಿಕೊಂಡು, ಹಿರಿಯರು ಕಿರಿಯರು ಅನ್ನದೆ ಬಯ್ಯುತ್ತಿದ್ದಳು. ಆದರೂ ಆ ಬೈಗುಳ ನಿಲ್ಲದಿರಲಿ ಅನ್ನಿಸಿತು. ಇನ್ನೂ ಬಯ್ಯಲಿ, ಸಂಜೆಯ ತನಕ ಬಯ್ಯಲಿ.

ಅತ್ತೆ ಕೈ ಒರೆಸಿಕೊಂಡು ಬಂದು ಮೊಮ್ಮಗಳ ಹಣೆ, ಕತ್ತು ಮುಟ್ಟಿ ನೋಡಿದರು. ಆಮೇಲೆ ಮಾವನ ಕಡೆ ತಿರುಗಿದರು.

"ಇಷ್ಟೇನಾ ಜ್ವರ?"

"ಇಷ್ಟೇ."

"ಇವಳು ಹೇಳಿದಳಾ?"

"ಇಲ್ಲ."

"ಮತ್ತೆ ಹೇಗೆ ಗೊತ್ತಾಯ್ತು?"

"ಶೂ ಲೇಸು ಕಟ್ತಾ ಇದ್ದೆ. ಕಾಲು ಕೈಗೆ ತಾಗ್ತು. ಬಿಸಿ ಇತ್ತು."

ಒಲೆಯ ಮೇಲೆ ಬೇಳೆ ಉಕ್ಕಿ ಸುರಿಯುತ್ತಿತ್ತು. ನಾನು ಅತ್ತ ಹೋಗಲಿಲ್ಲ.

"ಅವತ್ತು ಲೇಸು ಕಟ್ಟಿದ್ದು ಯಾರು?" ಎಂದರು ಅತ್ತೆ.

ನನ್ನ ಗಂಡ ಪೇಪರ್ ಕೆಳಗಿಟ್ಟರು. "ಅಮ್ಮ, ಈಗ ಅದೆಲ್ಲ ಯಾಕೆ?"

"ನೀನು ಸುಮ್ನಿರು. ದೊಡ್ಡವಳಿಗೆ ಕೊನೇ ತನಕ ಲೇಸು ಕಟ್ಟೋಕೆ ಬರ್ತಿರಲಿಲ್ಲ. ಸಡಿಲ ಆಗ್ತಿತ್ತು. ಇವರೇ ಮಂಡಿಯೂರಿ ಕಟ್ಟಬೇಕಿತ್ತು." ಮತ್ತೆ ಮಾವನನ್ನೇ ನೋಡಿದರು. "ಹೇಳಿ. ಯಾರು ಕಟ್ಟಿದ್ದು?"

"ನಾನೇ."

"ಕಾಲು ಬಿಸಿ ಇತ್ತಾ?"

ಮಾವ ತಮ್ಮ ಎರಡೂ ಅಂಗೈಗಳನ್ನು ನೋಡಿಕೊಂಡರು. ಮಣ್ಣು ಕೆದಕಿ ಕೆದಕಿ ಬಿರುಕು ಬಿಟ್ಟ ಅಂಗೈಗಳು. ಬುಗುರಿಯ ಅಳು ನಿಂತಿತ್ತು.

"ಇತ್ತು," ಎಂದರು. "ಇವಳಿಗಿಂತ ಜಾಸ್ತಿ ಇತ್ತು. ಸುಡ್ತಿತ್ತು. ಒಂದು ಓಟ ತಾನೆ, ಮುಗಿಸಿಬಿಡಲಿ ಅಂದ್ಕೊಂಡೆ."

ನನ್ನ ಗಂಡ ಎದ್ದು ನಿಂತರು. ಮತ್ತೆ ಕೂತರು. "ಅಪ್ಪಾ," ಎಂದರು, ಚಿಕ್ಕ ಹುಡುಗನ ದನಿಯಲ್ಲಿ. ಇಷ್ಟು ವರ್ಷ ಅಪ್ಪನ ಪರವಾಗಿ ಜಗಳವಾಡಿದ ಬಾಯಿ ಅದು. ಬುಗುರಿ ಅಜ್ಜನ ಕುರ್ಚಿಯ ಪಕ್ಕದಿಂದ ಮೆಲ್ಲಗೆ ಸರಿದು ನನ್ನ ತೋಳು ಹಿಡಿದಳು.

ಅತ್ತೆ ಅಳಲಿಲ್ಲ, ಕೂಗಲಿಲ್ಲ. ಹೋಗಿ ಒಲೆ ಆರಿಸಿದರು. ಉಕ್ಕಿದ್ದನ್ನು ಒರೆಸಿದರು. ಬಟ್ಟೆ ಹಿಂಡಿ ಹಾಕಿ ಬಂದು ಬುಗುರಿಯ ಎದೆಯ ನಂಬರನ್ನು ಒಂದೊಂದೇ ಪಿನ್ನು ತೆಗೆದು ಬಿಡಿಸತೊಡಗಿದರು.

"ಮತ್ತೆ ಓಟ ಯಾವಾಗ?"

ಬುಗುರಿ ನನ್ನ ಮುಖ ನೋಡಿದಳು. "ಪರೀಕ್ಷೆ ಮುಗಿದ ಮೇಲೆ ಇನ್ನೊಂದಿದೆ ಅಜ್ಜಿ. ಆದ್ರೆ..."

"ಓಡು," ಎಂದರು ಅತ್ತೆ. "ಇವರ ಜೊತೆ ಬೇಡ. ನಾನು ಬಂದು ಲೇಸು ಕಟ್ತೀನಿ."